ಮನೆ ಬಿಡಲೊಂದು ನೆವ

ಪದವಿ ಪಡೆದು ಕೆಲಸಕ್ಕೆ ಸೇರಿದ ಮಕ್ಕಳು ತಂದೆತಾಯಿಯರ ಮನೆಯಲ್ಲೇ ಉಳಿಯಬೇಕೆ, ಬೇರೆ ಕೋಣೆ ಹಿಡಿಯಬೇಕೆ ಎಂಬ ಪ್ರಶ್ನೆಗೆ ಭಾನುವಾರದ ಪುರವಣಿಗಳ ಸಲಹಾ ಅಂಕಣಗಳು ಕೊಡುವ ಉತ್ತರ ಬಹುಪಾಲು ಒಂದೇ ಅಚ್ಚಿನದು: ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಲಾಭಗಳನ್ನೂ ಬಲಕ್ಕೆ ನಷ್ಟಗಳನ್ನೂ ಬರೆದು, ಯಾವ ಪಟ್ಟಿ ಉದ್ದವಾಯಿತೋ ಅದರಂತೆ ನಡೆಯತಕ್ಕದ್ದು. ಬೆಳಗಿನ ಕಾಫಿಯ ರುಚಿ ಕೆಡಲು ಇಷ್ಟು ಸಾಕು. ಮನೆಯಲ್ಲಿದ್ದರೆ ಬಾಡಿಗೆ ಉಳಿಯುತ್ತದೆ, ಬಿಸಿಯೂಟ ಸಿಗುತ್ತದೆ, ಬೇರೆ ಹೋದರೆ ಸ್ವಾತಂತ್ರ್ಯವೂ ಹೊಣೆಗಾರಿಕೆಯೂ ಬರುತ್ತವೆ ಎಂಬುದೆಲ್ಲ ಯಾರಿಗೆ ತಿಳಿಯದ ಸಂಗತಿ? ಅಂಕಣಕಾರರ ಕಣ್ಣಿಗೆ ಬೀಳದಿರುವುದು ಇನ್ನೊಂದಿದೆ. ಕನ್ನಡ ಕುಟುಂಬಗಳಲ್ಲಿ, ಅದರಲ್ಲೂ ಹೆತ್ತವರ ಮನೆಯೂ ಮಕ್ಕಳ ಕಚೇರಿಯೂ ಬೆಂಗಳೂರೆಂಬ ಒಂದೇ ಊರಿನಲ್ಲಿರುವ ಕುಟುಂಬಗಳಲ್ಲಿ, ಈ ಪ್ರಶ್ನೆಯನ್ನು ಪ್ರಶ್ನೆಯಾಗಿ ಯಾರೂ ಎತ್ತುವುದಿಲ್ಲ. ಹಾಗೆ ಎತ್ತಿದ ಮಗನ ಮುಂದೆ “ಇಲ್ಲಿ ನಿನಗೇನೋ ಕಡಿಮೆ ಆಗಿರೋದು?” ಎಂಬ ಮಾತು ಬಂದು ನಿಲ್ಲುತ್ತದೆ, ಮತ್ತು ಆ ಮಾತಿಗೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. ಆದುದರಿಂದ ಹೊರಡುವವರು ಮೊದಲು ನೆವವೊಂದನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಕಾರಣ ಆಮೇಲೆ ಹುಟ್ಟಿದರೂ ಆದೀತು, ಹುಟ್ಟದಿದ್ದರೂ ಆದೀತು.

ಸುಮಾರು ಎರಡು ದಶಕಗಳ ಕಾಲ ಬೆಂಗಳೂರಿನ ಯುವಜನರಿಗೆ ಒದಗಿಬಂದ ಅತ್ಯುತ್ತಮ ನೆವವೆಂದರೆ ದೂರ. ಮನೆ ಕೆಂಗೇರಿಯಲ್ಲಿ, ಕೆಲಸ ವೈಟ್‌ಫೀಲ್ಡಿನಲ್ಲಿ ಎಂದರೆ ಸಾಕಾಗುತ್ತಿತ್ತು. ಮನೆಯವರ ಮೇಲೆ ಬೇಸರವಿಲ್ಲ, ಅಡುಗೆಯ ಮೇಲೆ ದೂರಿಲ್ಲ, ತಪ್ಪೆಲ್ಲ ರಸ್ತೆಯದು ಎಂದು ಎಲ್ಲರೂ ಒಪ್ಪುತ್ತಿದ್ದರು. ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕಾದವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಎಂಬ ವಾಹನಗಳ ಕಗ್ಗಂಟಿನ ಹೆಸರೊಂದನ್ನು ಉಚ್ಚರಿಸಿದರೆ ಬೇರೆ ವಾದವೇ ಬೇಕಿರಲಿಲ್ಲ. ಇಂಥ ನೆವದ ಬುಡಕ್ಕೆ ಕೊಡಲಿ ಹಾಕಿದ್ದು ಮೆಟ್ರೋ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಸುಮಾರು 43 ಕಿಲೋಮೀಟರ್ ಉದ್ದದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದುಕೊಂಡಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವೂ ಓಡತೊಡಗಿತು. ಕೆಂಗೇರಿಯ ತಂದೆಯೊಬ್ಬರು ಪತ್ರಿಕೆಯಲ್ಲಿ ಬಂದ ಮಾರ್ಗನಕ್ಷೆಯನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆಂದರೆ ಅದನ್ನು ಕೇವಲ ನಾಗರಿಕ ಪ್ರಜ್ಞೆಯೆಂದು ತಿಳಿಯಲಾಗದು. ನಗರಸಾರಿಗೆಯ ಪರಿಣತರು ಉಳಿತಾಯವಾದ ಇಂಧನವನ್ನೂ ವೇಳೆಯನ್ನೂ ಲೆಕ್ಕ ಹಾಕಿದ್ದಾರೆ, ಕಳೆದುಹೋದ ನೆವಗಳ ಲೆಕ್ಕವನ್ನು ಯಾರೂ ಹಾಕಿಲ್ಲ. ಈಗ ಉಳಿದಿರುವುದು ಅಮೆರಿಕದ ಹಗಲಿಗೆ ಹೊಂದಿಕೊಂಡ ನಡುರಾತ್ರಿಯ ಕರೆಗಳು, ಅವುಗಳಿಂದ ತಂದೆಯ ನಿದ್ರೆಗೂ ರಕ್ತದೊತ್ತಡಕ್ಕೂ ಆಗಬಹುದಾದ ಧಕ್ಕೆ, ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಬೇಕಾದ ಏಕಾಂತ. ಮೂರೂ ದುರ್ಬಲವಾದವು, ಮೂರನೆಯದಂತೂ ಫಲಿತಾಂಶದ ದಿನ ತಿರುಗಿ ಬೀಳುವಂಥದು.

ಹೆಣ್ಣುಮಕ್ಕಳಿಗೆ ಇದೂ ಸುಲಭವಲ್ಲ. ಅವರು ತವರು ಬಿಡಲು ಸಮಾಜ ಬಾಗಿಲೊಂದನ್ನು ಮೊದಲೇ ಅಲಂಕರಿಸಿ ಇಟ್ಟಿರುವುದರಿಂದ, ಅದನ್ನು ಬಿಟ್ಟು ಪಕ್ಕದ ಬಾಗಿಲಿನಿಂದ ಹೊರಡುವವಳಿಗೆ ಕಂಪನಿಯ ವರ್ಗಾವಣೆ ಪತ್ರವೇ ಬೇಕಾಗುತ್ತದೆ. ಹೈದರಾಬಾದಿಗೋ ಪುಣೆಗೋ ವರ್ಗವಾದವಳ ಬಗ್ಗೆ ನೆಂಟರು ಹೆಮ್ಮೆಪಡುತ್ತಾರೆ, ಅದೇ ಊರಿನಲ್ಲಿ ಹತ್ತು ಕಿಲೋಮೀಟರ್ ಆಚೆ ಕೋಣೆ ಹಿಡಿದವಳ ಬಗ್ಗೆ ವಿಚಾರಿಸುತ್ತಾರೆ.

ನೆವವೆಂದರೆ ಸುಳ್ಳೆಂದೂ ಅಳುಕೆಂದೂ ತಿಳಿಯುವವರು ಮದುವೆಯ ಛತ್ರದಲ್ಲಿ ನಡೆಯುವ ಕಾಶೀಯಾತ್ರೆಯನ್ನು ಗಮನವಿಟ್ಟು ನೋಡಬೇಕು. ಗುರುವಿನ ಬಳಿ ವೇದಾಧ್ಯಯನವನ್ನು ಮುಗಿಸಿದ ಬ್ರಹ್ಮಚಾರಿಗೆ ಮಂಗಳಸ್ನಾನ ಮಾಡಿಸಿ ಮನೆಗೆ ಕಳುಹಿಸಿಕೊಡುವ ಸಂಸ್ಕಾರಕ್ಕೆ ಸಮಾವರ್ತನವೆಂದು ಹೆಸರು; ಇಂದು ಅದು ಹೆಚ್ಚಾಗಿ ಮದುವೆಯ ಹಿಂದಿನ ದಿನವೋ ಅದೇ ದಿನವೋ ಅವಸರದಲ್ಲಿ ಮುಗಿಯುತ್ತದೆ. ಅದರ ಬೆನ್ನಿಗೆ ವರನು ಕೊಡೆ, ಕೋಲು, ಪಾದರಕ್ಷೆಗಳನ್ನು ಧರಿಸಿ, ತನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡುತ್ತಾನೆ, ಹೆಣ್ಣಿನ ಕಡೆಯವರು ಅಡ್ಡ ಬಂದು ಮಗಳನ್ನು ಕೊಡುವುದಾಗಿ ಹೇಳಿ ಹಿಂದಕ್ಕೆ ಕರೆತರುತ್ತಾರೆ. ಅವನು ಎಷ್ಟು ದೂರ ನಡೆಯುತ್ತಾನೆಂಬುದು ಛತ್ರದ ಮುಂದೆ ನಿಲ್ಲಿಸಿದ ಕಾರುಗಳನ್ನೂ ಛಾಯಾಗ್ರಾಹಕನ ಅಪ್ಪಣೆಯನ್ನೂ ಅವಲಂಬಿಸಿರುತ್ತದೆ. ನಿಜವಾಗಿಯೂ ಹೋಗುವ ಮನಸ್ಸಿತ್ತೇ ಎಂದು ಅವನನ್ನು ಯಾರೂ ಕೇಳುವುದಿಲ್ಲ, ಕೇಳುವುದು ಅನುಚಿತವೂ ಹೌದು. ಹೊರಡುವವನಿಗೆ ಹೊರಡುವ ಗೌರವ, ತಡೆಯುವವರಿಗೆ ತಡೆಯುವ ಗೌರವ ದೊರೆಯಲೆಂದೇ ಆ ಏರ್ಪಾಡಿದೆ. ಬಾಡಿಗೆ ಕೋಣೆ ನೋಡಿ ಬಂದ ಮಗನಿಗೆ ತಾಯಿ “ಆಷಾಢ ಕಳೀಲಿ, ಆಮೇಲೆ ಹೋಗೋವಂತೆ” ಎನ್ನುವಾಗ ನಡೆಯುವುದೂ ಇದೇ. ಆಷಾಢ ಕಳೆದರೆ ಶ್ರಾವಣದ ಹಬ್ಬಗಳು, ಗಣೇಶನನ್ನು ಕಳುಹಿಸಿದರೆ ಪಿತೃಪಕ್ಷ, ದೀಪಾವಳಿಯ ಆಚೆಗೆ ಧನುರ್ಮಾಸ; ಪಂಚಾಂಗವು ಎಂದೆಂದಿಗೂ ತಂದೆತಾಯಿಯರ ಪಕ್ಷದ್ದು.

ಓದು ಮುಗಿದ ಮೇಲೆ ಮನೆ ಬಿಡುವ ಈ ಸಂಕಟ ಮಹಾನಗರದವರಿಗೆ ಮಾತ್ರ ಎಂಬುದನ್ನೂ ಹೇಳಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಓದಿದವರ ಪೈಕಿ ಹಲವು ತಲೆಮಾರುಗಳವರು ಮನೆ ಬಿಟ್ಟದ್ದು ಓದುವುದಕ್ಕಾಗಿಯೇ. ತುಮಕೂರಿನ ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯದಂಥ ಉಚಿತ ನಿಲಯಗಳಲ್ಲಿ ಚಾಪೆ ಹಾಸಿಕೊಂಡವರು ಕೆಲವರು. ಅದೂ ದೊರೆಯದವರಿಗೆ ವಾರಾನ್ನವಿತ್ತು. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ಪದ್ಧತಿಯೇ ವಾರಾನ್ನ. ಏಳನೆಯ ಮನೆ ದೊರೆಯದೆ ವಾರಕ್ಕೊಂದು ದಿನ ಉಪವಾಸವಿದ್ದವರೂ ಉಂಟು, ಸೋಮವಾರದ ಮನೆಯ ಹುಳಿಯನ್ನು ಗುರುವಾರದ ಮನೆಯಲ್ಲಿ ಹೊಗಳಬಾರದೆಂಬ ವಿವೇಕವನ್ನು ಹತ್ತನೆಯ ವಯಸ್ಸಿಗೇ ಕಲಿತವರೂ ಉಂಟು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಮೂರನೆಯ ತಲೆಮಾರಿನ ರಾಮ ಓದಿ, ಊರೂರು ಅಲೆದು, ಕೊನೆಗೆ ಕಡಲತೀರದ ಕೋಡಿಗೆ ಹಿಂದಿರುಗುತ್ತಾನೆ, ಪದವಿಯ ನಂತರ ಅವನ ಮುಂದಿದ್ದದ್ದು ಮನೆಯನ್ನು ಬಿಡುವ ಪ್ರಶ್ನೆಯಾಗಿರದೆ ಮನೆಗೆ ಮರಳುವ ಪ್ರಶ್ನೆಯಾಗಿತ್ತು.

ವಾರಾನ್ನದ ಮಾತು ಬಂದ ಮೇಲೆ ವಿದ್ಯಾಧನದ ಮಾತನ್ನು ಎತ್ತದಿರುವುದು ಕಷ್ಟ, ಎತ್ತಿದ ಮೇಲೆ ಬೇಗ ಮುಗಿಸುವುದು ಇನ್ನೂ ಕಷ್ಟ. ಕಲಿತ ವಿದ್ಯೆಯಿಂದ ಒಬ್ಬನು ಗಳಿಸಿದ ಹಣಕ್ಕೆ ಧರ್ಮಶಾಸ್ತ್ರಗಳು ವಿದ್ಯಾಧನವೆಂದು ಹೆಸರಿಟ್ಟು, ಅದು ಗಳಿಸಿದವನದೋ ಇಡೀ ಕುಟುಂಬದ್ದೋ ಎಂದು ಶತಮಾನಗಳ ಕಾಲ ತಲೆ ಕೆಡಿಸಿಕೊಂಡಿವೆ. ಮೂಲಗ್ರಂಥ ಕಳೆದುಹೋಗಿ ಅನ್ಯರ ಉದ್ಧರಣೆಗಳಲ್ಲಷ್ಟೇ ಉಳಿದುಬಂದಿರುವ ಕಾತ್ಯಾಯನಸ್ಮೃತಿಯ ಪ್ರಕಾರ, ಪರರ ಅನ್ನವನ್ನುಂಡು, ಪರರಿಂದ ಕಲಿತ ವಿದ್ಯೆಯ ಮೂಲಕ ಗಳಿಸಿದ್ದು ವಿದ್ಯಾಧನ. ಹಾಗೆಂದ ಮೇಲೆ ಏಳು ಮನೆಗಳಲ್ಲಿ ಉಂಡು ಗುಮಾಸ್ತನಾದ ಹುಡುಗನ ಸಂಬಳದಲ್ಲಿ ಅಣ್ಣತಮ್ಮಂದಿರು ಪಾಲು ಕೇಳುವಂತಿಲ್ಲ. ತಾಯಿಯ ಕೈಯಡುಗೆ ಉಂಡುಕೊಂಡು ಮನೆಯಿಂದಲೇ ಕಾಲೇಜಿಗೆ ಹೋದವನ ಸಂಬಳದ ಸ್ಥಿತಿ ಮಾತ್ರ ಅನುಮಾನಾಸ್ಪದ. ಈ ಅನುಮಾನಕ್ಕೆ ಗಟ್ಟಿಯಾದ ಅಡಿಪಾಯ ಹಾಕಿದವನು ಕನ್ನಡ ನಾಡಿನಲ್ಲೇ, ಇಂದಿನ ಬಸವಕಲ್ಯಾಣವಾದ ಕಲ್ಯಾಣ ಪಟ್ಟಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿತು. ಜೊತೆಗೆ, ಗಳಿಕೆಯು ಪ್ರತ್ಯೇಕವೆನಿಸಿಕೊಳ್ಳಬೇಕಾದರೆ ತಂದೆಯ ಸೊತ್ತಿಗೆ ಅದರಿಂದ ಕಿಂಚಿತ್ತೂ ನಷ್ಟವಾಗಿರಬಾರದೆಂಬ ನಿಬಂಧನೆಯನ್ನು ವಿದ್ಯಾಧನಕ್ಕೂ ಅನ್ವಯಿಸಿತು. ಎಂದರೆ ಫೀಸು ಕಟ್ಟಿದವರು ಯಾರು ಎಂಬುದೇ ಪ್ರಶ್ನೆಯ ತಿರುಳು.

ಎಂಟುನೂರು ವರ್ಷಗಳ ಮೇಲೆ ಇದೇ ತಿರುಳು ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಅಂದಿನ ಅಂತಿಮ ನ್ಯಾಯಪೀಠದ ಮುಂದೆ ಹೋಯಿತು. ಕುಟುಂಬದ ಖರ್ಚಿನಲ್ಲಿ ಓದಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದವನ ಗಳಿಕೆ ಅವಿಭಕ್ತ ಕುಟುಂಬದ ಆಸ್ತಿಯೇ ಹೌದೆಂದು 1921ರಲ್ಲಿ ತೀರ್ಪಾಯಿತು. ಓದಿದವರ ಜಗತ್ತು ಬೆಚ್ಚಿತು, ನ್ಯಾಯವಾದಿ ಎಂ.ಆರ್. ಜಯಕರ್ ಮುಂದೆ ನಿಂತು ತಂದ 1930ರ ಹಿಂದೂ ವಿದ್ಯಾರ್ಜಿತ ಧನ ಕಾಯ್ದೆ ಆ ತೀರ್ಪನ್ನು ಅಳಿಸಿಹಾಕಿತು. ಪ್ರಾಥಮಿಕವಾಗಲಿ ತಾಂತ್ರಿಕವಾಗಲಿ ವೈಜ್ಞಾನಿಕವಾಗಲಿ, ವಿದ್ಯೆಗೆ ಕುಟುಂಬವೇ ಹಣ ಸುರಿದಿದ್ದರೂ, ಕಲಿಯುವಾಗ ಕಲಿಯುವವನನ್ನೂ ಅವನ ಹೆಂಡತಿಮಕ್ಕಳನ್ನೂ ಕುಟುಂಬವೇ ಸಾಕಿದ್ದರೂ, ಅಷ್ಟು ಮಾತ್ರದಿಂದ ಗಳಿಕೆಯು ಕುಟುಂಬದ್ದಾಗದು ಎಂದು ಅದು ಬಿಡಿಸಿ ಹೇಳುತ್ತದೆ. ಕಾಯ್ದೆಯ ಗಾತ್ರ ಒಂದೆರಡು ಪುಟ, ಪರಿಣಾಮ ಮಾತ್ರ ಅಪಾರ. ಸಂಬಳದ ಚೀಟಿಯೊಡನೆ ಇದರ ಒಂದು ಪ್ರತಿಯನ್ನೂ ಹೊಸಬರಿಗೆ ಕೊಡುವುದು ಒಳ್ಳೆಯದೆಂದು ಸೂಚಿಸಬಹುದಾಗಿತ್ತು, ಕೊಟ್ಟರೂ ಮೊದಲ ಸಂಬಳವು ದೇವರ ಮುಂದೆ ಹೋಗಿ, ತಾಯಿಗೆ ಸೀರೆಯಾಗಿ, ತಂಗಿಯ ಫೋನಾಗಿ, ಎರಡನೆಯ ತಿಂಗಳಿನಿಂದ ಯಾರದೋ ಹೆಸರಿನ ನಿವೇಶನದ ಕಂತಾಗಿ ಹರಿಯುವುದು ನಿಲ್ಲುವುದಿಲ್ಲ. ಬೇರೆ ಹೋಗುವ ಬಗ್ಗೆ ಮನೆಗಳಲ್ಲಿ ನಡೆಯುವ ವಾಗ್ವಾದಗಳು ಹೊರನೋಟಕ್ಕೆ ದೂರ, ಊಟ, ನಿದ್ರೆಗಳ ಬಗ್ಗೆ ಇದ್ದರೂ, ಒಳಗೆ ಈ ಹಳೆಯ ಮೊಕದ್ದಮೆಯ ಮರುವಿಚಾರಣೆಯೇ ಆಗಿರುತ್ತವೆ. ವಿಜ್ಞಾನೇಶ್ವರನ ಹೆಸರನ್ನೇ ಕೇಳದ ತಂದೆಯೂ ವಿಜ್ಞಾನೇಶ್ವರನ ಪರವಾಗಿಯೇ ವಾದಿಸುತ್ತಾನೆ. 2016ರಲ್ಲಿ ಕರ್ನಾಟಕದಿಂದ ಹೋದ ವಿಚ್ಛೇದನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಮಗನು ಪ್ರಾಪ್ತವಯಸ್ಕನಾದೊಡನೆ ಬೇರಾಗುವುದು ಪಾಶ್ಚಾತ್ಯರ ರೂಢಿ, ಇಲ್ಲಿ ತಂದೆತಾಯಿಯರನ್ನು ನೋಡಿಕೊಳ್ಳುವುದು ಮಗನ ಕರ್ತವ್ಯ ಎಂಬ ಅರ್ಥದಲ್ಲಿ ಹೇಳಿದಾಗ ಆ ತಂದೆಯ ಬಲ ಇಮ್ಮಡಿಸಿರಬೇಕು.

ಬೇರೆ ಹೋಗುವುದಕ್ಕೂ ತಂದೆಯೇ ಬೇಕು ಎಂಬುದು ಬೆಂಗಳೂರಿನ ವಿಶೇಷ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಮುಂಗಡವಾಗಿ ಇಡುವ ರೂಢಿ ಇಲ್ಲಿ ಬೇರೂರಿದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳೆಂದು ಮಿತಿ ಹಾಕಿತಾದರೂ, ಮಾದರಿಗಳನ್ನು ಪಾಲಿಸುವುದು ಮನೆ ಮಾಲೀಕರ ಧರ್ಮವಲ್ಲ. 20,000 ರೂಪಾಯಿಯ ಬಾಡಿಗೆಗೆ ಎರಡು ಲಕ್ಷ ಇಡಬೇಕಾದ ಹೊಸ ನೌಕರನು ಆ ಹಣವನ್ನು ಯಾರನ್ನು ಬಿಟ್ಟು ಬರಬೇಕೋ ಅವರಿಂದಲೇ ಪಡೆಯುತ್ತಾನೆ. ಬ್ಯಾಚುಲರ್‌ಗಳಿಗೆ ಮನೆ ಕೊಡುವುದಿಲ್ಲವೆನ್ನುವ ಮಾಲೀಕರ ಮುಂದೆ ಕುಳಿತು, ಹುಡುಗ ಒಳ್ಳೆಯವನು, ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎಂದು ಭರವಸೆ ಕೊಡುವವರೂ ಅವರೇ. ಮನೆ ದೊರೆಯದೆ ಪಿ.ಜಿ. ಎಂಬ ಊಟಸಹಿತ ಬಾಡಿಗೆ ಮಂಚಗಳ ವ್ಯವಸ್ಥೆಗೆ ಹೋದವರಿಗೆ ಗೇಟು ಹತ್ತಕ್ಕೆ ಮುಚ್ಚುತ್ತದೆ. ತಾಯಿಯಾದರೆ ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುತ್ತಿದ್ದಳು, ಪಿ.ಜಿ.ಯ ಅಂಕಲ್ ಕೇಳುವುದೇ ಇಲ್ಲ.

ಹೀಗೆ ಹೊರಟವರ ಸಾಮಾನಿನಲ್ಲಿ ಗಮನಿಸಬೇಕಾದದ್ದು ಸ್ಟೀಲ್ ಡಬ್ಬಿಗಳು. ಚಟ್ನಿಪುಡಿ, ಹುಳಿಪುಡಿ, ಕೋಡುಬಳೆಗಳನ್ನು ತುಂಬಿಕೊಟ್ಟ ಈ ಡಬ್ಬಿಗಳಲ್ಲಿ ಯಾವುದರ ಮೇಲೂ ಹೊರಟವರ ಹೆಸರಿರುವುದಿಲ್ಲ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಕುಳಿತವನು ಗರಗುಟ್ಟುವ ವಿದ್ಯುತ್ ಕಡ್ಡಿಯಿಂದ ಚುಕ್ಕಿಚುಕ್ಕಿಯಾಗಿ ಕೆತ್ತಿದ, ಸೋದರತ್ತೆಯ ಗೃಹಪ್ರವೇಶಕ್ಕೆ ಬಂದಿದ್ದ ಯಾರೋ ದಂಪತಿಗಳ ಹೆಸರು, ಅದರ ಕೆಳಗೆ ದಿನಾಂಕ ಇರುತ್ತವೆ. ಕೆತ್ತುವವನ ಅವಸರದಲ್ಲಿ ಒತ್ತಕ್ಷರಗಳು ಉದುರಿಹೋಗಿ, ಲಕ್ಷ್ಮಮ್ಮನವರು ಲಕ್ಷಮನವರಾಗಿರುವುದೂ ಇದೆ. ಕನ್ನಡ ಲಿಪಿಯ ಚರಿತ್ರೆ ಬರೆದ ವಿದ್ವಾಂಸರು ಕಲ್ಲನ್ನೂ ತಾಮ್ರಪಟವನ್ನೂ ತಾಳೆಗರಿಯನ್ನೂ ಶ್ರದ್ಧೆಯಿಂದ ನೋಡಿದ್ದಾರೆ, ಸ್ಟೀಲಿನ ತನಕ ಬಂದಿಲ್ಲ. ದಾನಶಾಸನವೊಂದರಲ್ಲಿ ಇರಬೇಕಾದ ದಾನಿಯ ಹೆಸರು, ದಾನದ ಸಂದರ್ಭ, ಕಾಲ ಮೂರೂ ಡಬ್ಬಿಯ ಮೇಲಿವೆ. ಶಾಸನದ ಕೊನೆಯಲ್ಲಿ ಬರುವ ಶಾಪಾಶಯ, ಎಂದರೆ ಈ ದತ್ತಿಯನ್ನು ಅಪಹರಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಎಚ್ಚರಿಕೆಯ ಭಾಗ, ಅಷ್ಟು ಕಿರಿದಾದ ಮುಚ್ಚಳದ ಮೇಲೆ ಹಿಡಿಸುವುದಿಲ್ಲವಾದ್ದರಿಂದ, ಡಬ್ಬಿ ಹಿಂದಿರುಗುವವರೆಗೂ ತಾಯಂದಿರು ಅದನ್ನು ಫೋನಿನಲ್ಲಿ ಬಾಯಿಮಾತಿನಲ್ಲೇ ಪೂರೈಸುತ್ತಾರೆ.