ಪಲ್ಟಣದ ಜೊತೆ ನಡೆದವರು

ಪಾಂಡವರು ಜೂಜಿನಲ್ಲಿ ಎಲ್ಲ ಸೋತು ಕಾಡಿಗೆ ಹೊರಟಾಗ ಅವರ ಪುರೋಹಿತ ಧೌಮ್ಯನೂ ಹೊರಟ. ಸಿರಿಯಿದ್ದಾಗ ಹೋಮ ಮಾಡಿಸುವವರು ಎಷ್ಟೋ ಜನ ಸಿಗುತ್ತಾರೆ. ವನವಾಸಕ್ಕೆ ಜೊತೆಯಾಗುವವನು ಸಿಗಬೇಕಲ್ಲ! ನನಗೆ ಧೌಮ್ಯನ ಮೇಲೆ ಗೌರವ ಹುಟ್ಟಿದ್ದೇ ಆ ನಡಿಗೆಯಿಂದ. ಸೈನ್ಯದ ಪಾದ್ರಿಗಳ ಚರಿತ್ರೆ ಓದುವಾಗಲೂ ನಾನು ಹುಡುಕುವುದು ಇದನ್ನೇ: ಈತ ಜೊತೆಗೆ ಹೋದನೇ, ಇಲ್ಲವೇ?

ಬ್ರಿಟಿಷ್ ಸೈನ್ಯದಲ್ಲಿ ಪಾದ್ರಿಗಳಿಗೆಂದೇ ಇಲಾಖೆ ಆದದ್ದು 1796ರಲ್ಲಿ. 1864ರ ಜಿನೀವಾ ಒಪ್ಪಂದ ಅವರನ್ನು ವೈದ್ಯರ ಸಾಲಿನಲ್ಲೇ ಕೂರಿಸಿ ರಕ್ಷಣೆ ಕೊಟ್ಟಿತು. ಕಾಗದಪತ್ರದ ಮಾತು ಇಷ್ಟು ಸಾಕು. ಮನುಷ್ಯರ ಮಾತಿಗೆ ಬರೋಣ.

ಥಿಯೊಡೋರ್ ಹಾರ್ಡಿ ಇಂಗ್ಲೆಂಡಿನ ಹಟನ್ ರೂಫ್ ಎಂಬ ಹಳ್ಳಿಯ ಪಾದ್ರಿ, ಅದಕ್ಕೂ ಮೊದಲು ಮೇಷ್ಟ್ರು. ಮೊದಲ ಮಹಾಯುದ್ಧ ಶುರುವಾದಾಗ ಐವತ್ತು ದಾಟಿತ್ತು. ವಯಸ್ಸಾಯಿತೆಂದು ಸೈನ್ಯದವರು ಬೇಡವೆಂದರೂ ಪಟ್ಟು ಬಿಡದೆ 1916ರಲ್ಲಿ ಫ್ರಾನ್ಸಿಗೆ ಹೋದರು. ಅಲ್ಲಿ ಇನ್ನೊಬ್ಬ ಸೈನ್ಯದ ಪಾದ್ರಿ ಸ್ಟಡರ್ಟ್ ಕೆನಡಿ ಸಿಕ್ಕರು. ವುಡ್‌ಬೈನ್ ಎಂಬ ಅಗ್ಗದ ಸಿಗರೇಟು ಹಂಚುತ್ತಿದ್ದ ಅವರನ್ನು ಸಿಪಾಯಿಗಳು ‘ವುಡ್‌ಬೈನ್ ವಿಲ್ಲಿ’ ಎಂದೇ ಕರೆಯುತ್ತಿದ್ದರು. ಹೊಸಬರಾದ ಹಾರ್ಡಿಗೆ ಅವರು ಕೊಟ್ಟ ಬುದ್ಧಿಮಾತಿನ ಸಾರ ಇಷ್ಟೇ: ಹುಡುಗರ ಜೊತೆಗೇ ಇರಿ, ಅವರು ಹೋದಲ್ಲೆಲ್ಲ ಹೋಗಿ.

ಹಾರ್ಡಿ ಹಾಗೇ ಮಾಡಿದರು. ರಾತ್ರಿ ಹೊತ್ತು ಸಿಗರೇಟು, ಮಿಠಾಯಿ ಹಿಡಿದು ಕಂದಕದಿಂದ ಕಂದಕಕ್ಕೆ ಹೋಗುತ್ತಾ, ಕತ್ತಲಲ್ಲಿ ‘ನಾನೇ ಕಣ್ರಪ್ಪಾ’ ಎನ್ನುವರು. 1917ರಲ್ಲಿ ಒಮ್ಮೆ ಮಣಿಕಟ್ಟು ಮುರಿದುಕೊಂಡಿದ್ದರು. ಹಾಗಿದ್ದೂ ಗಾಯಾಳುಗಳನ್ನು ಹುಡುಕುವವರ ಜೊತೆ ಹೊರಟರು. ಒಬ್ಬ ಸಿಪಾಯಿ ಕೆಸರಿನಲ್ಲಿ ಹೂತುಹೋಗಿದ್ದ. ಏನು ಮಾಡಿದರೂ ಮೇಲೆತ್ತಲು ಆಗಲಿಲ್ಲ. ಗುಂಡು ಹಾರುತ್ತಲೇ ಇತ್ತು. ಹಾರ್ಡಿ ಅವನ ಪ್ರಾಣ ಹೋಗುವವರೆಗೂ ಸಮಾಧಾನ ಹೇಳುತ್ತಾ ಪಕ್ಕದಲ್ಲೇ ಉಳಿದರು. ಮುಂದೆ 1918ರ ಏಪ್ರಿಲ್‌ನ ಸಾಹಸಗಳಿಗಾಗಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಎಂಬ ಶೌರ್ಯಪದಕ ಬಂತು. ಆದರೂ, ಯಾರನ್ನೂ ಉಳಿಸಲಾಗದ ಆ ಹೊತ್ತೇ ನನ್ನ ಮಟ್ಟಿಗೆ ದೊಡ್ಡದು.

ದೊರೆ ಐದನೇ ಜಾರ್ಜ್ ಹಾರ್ಡಿಯವರನ್ನು ತಮ್ಮ ಪಾದ್ರಿಯಾಗಿ ನೇಮಿಸಿಕೊಂಡರು. ಊರಿಗೆ ಮರಳಿ ಸುಖವಾಗಿರಬಹುದಿತ್ತು. ಹಾರ್ಡಿ ಹುಡುಗರನ್ನು ಬಿಟ್ಟು ಬರಲಿಲ್ಲ. ಗಾಯಗೊಂಡು ಅಕ್ಟೋಬರ್ 18ರಂದು ರುವಾನ್‌ನಲ್ಲಿ ತೀರಿಕೊಂಡರು. ಯುದ್ಧ ನಿಂತದ್ದು ನವೆಂಬರ್ 11ಕ್ಕೆ.

ದೇವರ ಸೇವಕರು ಸೈನ್ಯ ಸೇರಿದರೆ ಕೊಲೆಗೆ ಆಶೀರ್ವಾದ ಮಾಡಿದಂತಾಗದೇ ಎಂದು ಕೇಳುವವರಿದ್ದಾರೆ. ತೂಕದ ಪ್ರಶ್ನೆಯೇ. ಇದೇ ಕೆನಡಿ ಯುದ್ಧ ಮುಗಿದ ಮೇಲೆ ಕಟ್ಟಾ ಯುದ್ಧವಿರೋಧಿಯಾದರು. ಆದರೆ ಕೆಸರಿನಲ್ಲಿ ಹೂತವನಿಗೆ ಬೇಕಾದದ್ದು ಯುದ್ಧದ ಸರಿತಪ್ಪಿನ ವಿಚಾರವಲ್ಲ, ಪಕ್ಕದಲ್ಲೊಬ್ಬ ಮನುಷ್ಯ.

ಅಮೆರಿಕದ ಕ್ಯಾನ್ಸಸ್‌ನ ಸೈನ್ಯದ ಪಾದ್ರಿ ಎಮಿಲ್ ಕಪೌನ್ ಕೂಡ ಇದೇ ಜಾತಿಯ ಮನುಷ್ಯ. ಕೊರಿಯ ಯುದ್ಧದಲ್ಲಿ, 1950ರ ನವೆಂಬರ್‌ನಲ್ಲಿ, ಉನ್ಸಾನ್ ಎಂಬಲ್ಲಿ ಪಾರಾಗುವ ದಾರಿಯಿದ್ದರೂ ಗಾಯಾಳುಗಳ ಜೊತೆ ಉಳಿದು ಸೆರೆಸಿಕ್ಕರು. ಸೆರೆಶಿಬಿರದಲ್ಲಿ ತಗಡು ಬಡಿದು ಪಾತ್ರೆ ಮಾಡಿ ನೀರು ಕಾಯಿಸಿದರು, ಭೇದಿಯಿಂದ ಮಲಗಿದವರ ಬಟ್ಟೆ ಒಗೆದರು, ಹಸಿದವರಿಗಾಗಿ ಕಾಳು ಕದ್ದರು. 1951ರ ಮೇ ತಿಂಗಳಲ್ಲಿ ಅಲ್ಲೇ ಸತ್ತರು. ಅವರ ಮೂಳೆಗಳ ಗುರುತು ಹತ್ತಿದ್ದು 2021ರಲ್ಲಿ!

ನಮ್ಮ ಸೈನ್ಯದಲ್ಲೂ ಪಂಡಿತರು, ಮೌಲ್ವಿಗಳು, ಗ್ರಂಥಿಗಳು, ಪಾದ್ರಿಗಳು, ಬೌದ್ಧ ಭಿಕ್ಷುಗಳು ಜೂನಿಯರ್ ಕಮಿಷನ್ಡ್ ಆಫೀಸರ್ ದರ್ಜೆಯಲ್ಲಿ ಇದ್ದಾರೆ. ಎಷ್ಟೋ ಕಡೆ ದೇವರುಗಳೆಲ್ಲ ಒಂದೇ ಸೂರಿನಡಿ; ಅದಕ್ಕೆ ಸರ್ವಧರ್ಮ ಸ್ಥಳವೆಂದು ಹೆಸರು. ಇವರ ಕಥೆ ಕನ್ನಡದಲ್ಲಿ ಬರಬೇಕು. ಕೊಡಗಿನಲ್ಲೋ ಬೆಳಗಾವಿಯಲ್ಲೋ ನಿಮ್ಮ ನೆರೆಯಲ್ಲಿ ನಿವೃತ್ತ ಯೋಧರಿದ್ದರೆ, ದಯವಿಟ್ಟು ಅವರ ಪಲ್ಟಣದ ಧರ್ಮಗುರುವಿನ ಬಗ್ಗೆ ಕೇಳಿ, ಹೇಳಿದ್ದನ್ನು ಬರೆದಿಡಿ.