ಖಾತರಿ ಮುಗಿಯುವ ಮುನ್ನ



ವಿದ್ಯುತ್ತಿನಿಂದ ಓಡುವ ಕಾರೊಂದರ ಬ್ಯಾಟರಿಯ ಕಥೆಯನ್ನು ತಮ್ಮ ಮುಂದಿಡಲು ಹೊರಟಿದ್ದೇನೆ. ಈ ಪುಟಗಳಲ್ಲಿ ಯಂತ್ರದ ಮಾತೇಕೆ ಎಂದು ತಾವು ಕೇಳಬಹುದು. ಬ್ಯಾಟರಿ ಕೆಟ್ಟ ಸಂಗತಿಯಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಅದರ ಜೊತೆಗೆ ಕೆಲವು ದಿನಗಳ ಮಟ್ಟಿಗೆ ನನ್ನ ಬುದ್ಧಿಯೂ ಕೆಟ್ಟಿತ್ತು. ಬ್ಯಾಟರಿಯನ್ನು ತಯಾರಕರು ಎರಡು ಬಾರಿ ಬದಲಾಯಿಸಿಕೊಟ್ಟರು. ಬುದ್ಧಿಯನ್ನು ಸರಿಪಡಿಸಿದವಳು ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ. ಆ ಋಣವನ್ನು ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ.

ನನ್ನ ವಾಸ ದಾವಣಗೆರೆಯಲ್ಲಿ. ಉದ್ಯೋಗ ಚಿತ್ರದುರ್ಗದ ಕಾಲೇಜೊಂದರಲ್ಲಿ, ರಸಾಯನಶಾಸ್ತ್ರದ ಅಧ್ಯಾಪನ. ಹೆದ್ದಾರಿಯಲ್ಲಿ ಹೋಗಲು ಸುಮಾರು 60 ಕಿ.ಮೀ., ಬರಲು ಅಷ್ಟೇ. ಕೊರೋನಾ ಹಾವಳಿಯಿಂದ ಮುಚ್ಚಿದ್ದ ಕಾಲೇಜುಗಳು 2020ರ ನವೆಂಬರಿನಲ್ಲಿ ಮತ್ತೆ ತೆರೆದಾಗ, ಬಸ್ಸಿನ ನೂಕುನುಗ್ಗಲಿಗೆ ಹೆದರಿ, ಕೂಡಿಟ್ಟಿದ್ದ ಹಣಕ್ಕೆ ಬ್ಯಾಂಕಿನ ಸಾಲವನ್ನು ಸೇರಿಸಿ ವಿದ್ಯುತ್ ಕಾರೊಂದನ್ನು ಕೊಂಡೆನು. ಅದರ ಬ್ಯಾಟರಿ ಸುಮಾರು 30 ಯೂನಿಟ್ ವಿದ್ಯುತ್ತನ್ನು ತುಂಬಿಕೊಳ್ಳುವಂಥದು. ದಿನದ ಪ್ರಯಾಣಕ್ಕೆ ಹದಿನೆಂಟು ಇಪ್ಪತ್ತು ಯೂನಿಟ್ ಸಾಕಾಗುತ್ತಿತ್ತು. ಅಷ್ಟೇ ದೂರಕ್ಕೆ ಪೆಟ್ರೋಲಿಗೆ ಎಷ್ಟಾಗುವುದೆಂಬುದನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಚಿತ್ರದುರ್ಗ ಸಮೀಪಿಸಿದಂತೆ ಗುಡ್ಡಗಳ ನೆತ್ತಿಯ ಮೇಲೆ ಸಾಲುಸಾಲಾಗಿ ತಿರುಗುವ ಗಾಳಿಯಂತ್ರಗಳು ಕಾಣುತ್ತವೆ. ಆ ಗಾಳಿಯ ಒಂದು ಪಾಲು ನನ್ನ ಕಾರನ್ನೂ ಓಡಿಸುತ್ತಿರಬಹುದೆಂದು ನೆನೆದು ಹಿಗ್ಗುತ್ತಿದ್ದೆನು.

ಕಾರಿನೊಂದಿಗೆ ಒಂದು ಖಾತರಿ ಪತ್ರವೂ ಬಂದಿತ್ತು. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ., ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಹೊಣೆ ತಯಾರಕರದು. ‘ಯಾವುದು ಮೊದಲೋ’ ಎಂಬ ಪದಗಳನ್ನು ಅಂದು ನಾನು ಕಣ್ಣಾಡಿಸಿ ಬಿಟ್ಟೆನು. ಎಂಟು ವರ್ಷವೆಂಬುದಷ್ಟೇ ಮನಸ್ಸಿನಲ್ಲಿ ನಿಂತಿತು. ನನ್ನಂತೆ ದಿನವೂ ನೂರಿಪ್ಪತ್ತು ಕಿ.ಮೀ. ಓಡಿಸುವವನಿಗೆ ಎಂಟು ವರ್ಷದ ಮಾತು ಐದೇ ವರ್ಷಕ್ಕೆ ಮುಗಿಯುವುದೆಂಬ ಸರಳ ಗಣಿತ ಆಗ ಹೊಳೆಯಲಿಲ್ಲ.

2023ರ ಮೇ ತಿಂಗಳ ಒಂದು ರಾತ್ರಿ. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದ ತಾಯಿಯವರನ್ನು ಚಿತ್ರದುರ್ಗದ ಅಕ್ಕನ ಮನೆಯಿಂದ ಕರೆತರುತ್ತಿದ್ದೆನು. ಭರಮಸಾಗರದ ಹತ್ತಿರ ಬರುವಾಗ ಬ್ಯಾಟರಿಯಲ್ಲಿ ಶೇಕಡಾ 40ರಷ್ಟು ವಿದ್ಯುತ್ತಿದೆಯೆಂದು ತೋರಿಸುತ್ತಿದ್ದ ಫಲಕ, ನೋಡುನೋಡುತ್ತಿದ್ದಂತೆ 5ಕ್ಕೆ ಇಳಿಯಿತು; ಕೆಂಪು ದೀಪ ಹೊತ್ತಿ ಗಾಡಿ ನಿಂತಿತು. ಲಾರಿಗಳು ಭೋರೆಂದು ಸಾಗುವ ಆ ಹೆದ್ದಾರಿಯ ಅಂಚಿನಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಎಂಬತ್ತೆರಡರ ವೃದ್ಧೆಯೊಡನೆ ಎರಡು ಗಂಟೆ ಕಾದೆನು. “ಮಗಾ, ಎಣ್ಣೆ ಮುಗೀತೇನೋ?” ಎಂದು ತಾಯಿ ಕೇಳಿದರು. ಏನೆಂದು ಉತ್ತರಿಸಲಿ?

ವರ್ಕ್‌ಷಾಪಿನಲ್ಲಿ ಪರೀಕ್ಷಿಸಿದಾಗ ಕಾರಣ ತಿಳಿಯಿತು. ಇಂಥ ಕಾರುಗಳಲ್ಲಿ ಬ್ಯಾಟರಿಯೆಂದರೆ ಒಂದೇ ವಸ್ತುವಲ್ಲ. ನೂರರಷ್ಟು ಸಣ್ಣ ವಿದ್ಯುತ್ ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿದ ಸಾಲು ಅದು. ಒಂದೊಂದರ ಒತ್ತಡ ಮೂರು ವೋಲ್ಟಿಗಿಂತ ತುಸು ಹೆಚ್ಚು. ಎಲ್ಲವೂ ಸೇರಿ ಮುನ್ನೂರಕ್ಕೂ ಮೇಲೆ. ಎಲ್ಲ ಕೋಶಗಳ ಮೂಲಕವೂ ಹರಿಯುವುದು ಒಂದೇ ಪ್ರವಾಹವಾದುದರಿಂದ ಅವುಗಳಲ್ಲಿ ಒಂದು ಸೋತು ಬರಿದಾದರೂ, ಉಳಿದವುಗಳಲ್ಲಿ ಶಕ್ತಿಯಿದ್ದರೂ, ಕಾವಲು ಯಂತ್ರವು ಅಪಾಯವನ್ನು ತಪ್ಪಿಸಲು ಇಡೀ ಸಾಲನ್ನೇ ನಿಲ್ಲಿಸಿಬಿಡುತ್ತದೆ. ಗಾಡಿಗೆ ಕಟ್ಟಿದ ಜೋಡಿಯಲ್ಲಿ ಒಂದೆತ್ತು ಮೊಣಕಾಲೂರಿದರೆ ಇನ್ನೊಂದಕ್ಕೆ ಎಷ್ಟು ಬಲವಿದ್ದು ಏನು ಫಲ? ಸೋತ ಕೋಶವನ್ನಷ್ಟೇ ಬದಲಾಯಿಸಬಾರದೇ ಎಂದು ಕೇಳಿದೆನು. ಹಳೆಯ ಎತ್ತಿನ ಜೊತೆಗೆ ಹೊಸ ಹೋರಿಯನ್ನು ಹೂಡಿದರೆ ನೊಗ ಓರೆಯಾಗುವಂತೆ, ಹಳೆಯ ಕೋಶಗಳ ನಡುವೆ ಹೊಸದು ಸರಿಹೊಂದುವುದು ಸುಲಭವಲ್ಲ ಎಂಬ ಅರ್ಥದ ಉತ್ತರ ಬಂದಿತು. ಇಡೀ ಪೆಟ್ಟಿಗೆಯನ್ನೇ ಬದಲಾಯಿಸುವುದೆಂದು ತೀರ್ಮಾನವಾಯಿತು. ಅದಕ್ಕೆ ಇಪ್ಪತ್ತಾರು ದಿನ ಹಿಡಿಯಿತು. ಹಣ ಮಾತ್ರ ಒಂದು ಪೈಸೆಯೂ ಬೀಳಲಿಲ್ಲ.

ಆ ಎರಡನೆಯ ಬ್ಯಾಟರಿ ಹದಿನೈದು ತಿಂಗಳು ಬಾಳಿತು. 2024ರ ಆಗಸ್ಟಿನಲ್ಲಿ ಅದೇ ಕೆಂಪು ದೀಪ, ಅದೇ ಎಳೆದೊಯ್ಯುವ ಲಾರಿ, ಮತ್ತೆ ಹತ್ತೊಂಬತ್ತು ದಿನಗಳ ಬಸ್ ಪ್ರಯಾಣ. ಬದಲಾಗಿ ಬಂದುದು ಹೊಸದಲ್ಲ, ಬೇರೊಂದು ಕಾರಿನಿಂದ ಬಿಚ್ಚಿ ದುರಸ್ತಿಗೊಳಿಸಿದ್ದು ಎಂದು ಆಗ ತಿಳಿಯಿತು. ಖಾತರಿ ಪತ್ರವನ್ನು ಮೊದಲ ಬಾರಿಗೆ ಆದ್ಯಂತವಾಗಿ ಓದಿದ್ದು ಆ ರಾತ್ರಿಯೇ. ಅದರಲ್ಲಿ ಎರಡು ಸಂಗತಿಗಳಿದ್ದವು. ಬದಲಾಯಿಸಿದ ಬ್ಯಾಟರಿಗೆ ಹೊಸ ಖಾತರಿ ಆರಂಭವಾಗುವುದಿಲ್ಲ. ಮೊದಲಿನ ಅವಧಿಯಲ್ಲಿ ಉಳಿದಷ್ಟೇ ಅದಕ್ಕೂ ಸಲ್ಲುವುದು. ಮತ್ತು, ಕೋಶ ಕೆಡದೆ ಕೇವಲ ಶಕ್ತಿ ಕುಂದಿದ್ದಾದರೆ, ಅದು ಮೂಲ ಶಕ್ತಿಯ ಶೇಕಡಾ 70ಕ್ಕಿಂತ ಕೆಳಗಿಳಿದಾಗ ಮಾತ್ರ ಬದಲಾವಣೆ.

2025ರ ಏಪ್ರಿಲ್ ಬಂದಿತು. ಕಾರು 1,45,000 ಕಿ.ಮೀ. ಮುಗಿಸಿತ್ತು. ಮೊದಲು ಒಮ್ಮೆ ತುಂಬಿದರೆ 200 ಕಿ.ಮೀ. ಹೋಗುತ್ತಿದ್ದುದು 150ಕ್ಕೆ ಇಳಿದಿತ್ತು. ಪರೀಕ್ಷೆ ಮಾಡಿಸಿದೆನು. ಶೇಕಡಾ 74. ಖಾತರಿಯಲ್ಲಿ ಉಳಿದಿದ್ದುದು ಐದು ತಿಂಗಳ ಓಡಾಟ ಮಾತ್ರ. ಆಮೇಲೆ ಬ್ಯಾಟರಿ ಕೈಕೊಟ್ಟರೆ ಹೊಸದಕ್ಕೆ ಹಲವು ಲಕ್ಷ ರೂಪಾಯಿ. ಬ್ಯಾಂಕಿನ ಸಾಲದ ಕಂತು ಇನ್ನೂ ಎರಡು ವರ್ಷವಿತ್ತು.

ಇದನ್ನು ಮನೆಯಲ್ಲಿ ಹೇಳಿಕೊಂಡಾಗ ನನ್ನ ಪತ್ನಿಯ ತಮ್ಮ ಅಲ್ಲಿಯೇ ಇದ್ದನು. ವಾಹನಗಳ ವ್ಯವಹಾರ ಬಲ್ಲವನು. “ಭಾವ, 74 ಇರೋದನ್ನ 69ಕ್ಕೆ ಇಳಿಸೋದು ಏನು ಮಹಾ ಕೆಲಸ? ದಿನಾ ಪೂರ್ತಿ ಚಾರ್ಜು ಮಾಡಿ ಬಿಸಿಲಲ್ಲಿ ನಿಲ್ಲಿಸಿ. ವೇಗದ ಚಾರ್ಜರ್ ಬಿಟ್ಟು ಬೇರೆ ಮುಟ್ಟಬೇಡಿ. ಸೊನ್ನೆ ಆಗೋವರೆಗೂ ಓಡಿಸಿ. ಐದು ತಿಂಗಳು ಸಾಕು, ತಾನಾಗೇ ಕೆಳಗೆ ಬರುತ್ತೆ. ಬಿಟ್ಟಿ ಬ್ಯಾಟರಿ ಬಂದುಬಿಡುತ್ತೆ” ಎಂದನು.

ವಾಚಕರೇ, ನಾನು ರಸಾಯನಶಾಸ್ತ್ರದ ಅಧ್ಯಾಪಕ. ಆ ಉಪಾಯವು ಏಕೆ ಫಲಿಸುವುದೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲೆನು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ರೂಪಿಸಿದ ಸೀಸದ ಬ್ಯಾಟರಿಯಿಂದ ಮೊದಲ್ಗೊಂಡು, 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯವರೆಗೆ, ಮರಳಿ ತುಂಬಬಹುದಾದ ಬ್ಯಾಟರಿಗಳಲ್ಲಿ ಸವೆಯದೆ ಉಳಿದುದು ಯಾವುದೂ ಇಲ್ಲ. ಲಿಥಿಯಂ ಬ್ಯಾಟರಿಗಾಗಿ ದುಡಿದ ಗುಡಿನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಅವರಲ್ಲಿ ಹಿರಿಯರಾದ ಗುಡಿನಫ್ ಅವರಿಗೆ ಆಗ 97 ವರ್ಷ. ಅಂಥವರ ಸೃಷ್ಟಿಗೂ ಮುಪ್ಪು ತಪ್ಪಲಿಲ್ಲ. ಮಗ್ಗದ ಲಾಳಿಯಂತೆ ಲಿಥಿಯಂ ಅಯಾನುಗಳು ಕೋಶದ ಒಂದು ದಡದಿಂದ ಇನ್ನೊಂದಕ್ಕೆ ಓಡಾಡುತ್ತವೆ. ಓಡಾಡಿದಂತೆಲ್ಲ ಅವುಗಳಲ್ಲಿ ಕೆಲವು ದಡದ ಮೇಲಿನ ತೆಳುಪದರದಲ್ಲಿ ಸಿಲುಕಿ ಹಿಂದಿರುಗುವುದಿಲ್ಲ. ಶಾಖ ಹೆಚ್ಚಿದರೆ, ತುಂಬಿದ ಸ್ಥಿತಿಯಲ್ಲಿಯೇ ಬಹುಕಾಲ ಇಟ್ಟರೆ, ಆ ನಷ್ಟ ತ್ವರಿತವಾಗುವುದು. ಇದು ನಾನು ಪ್ರತಿ ವರ್ಷ ಪಾಠ ಹೇಳುವ ವಿಷಯ.

ಲಜ್ಜೆಯನ್ನು ಬದಿಗಿಟ್ಟು ಹೇಳುತ್ತೇನೆ: ಮರುದಿನದಿಂದಲೇ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸತೊಡಗಿದೆನು. ಕಾಲೇಜಿನ ಆವರಣದ ಬೇವಿನ ಮರದ ನೆರಳನ್ನು ಬಿಟ್ಟು, ಸಿಮೆಂಟಿನ ಅಂಗಳದಲ್ಲಿ, ಶೇಕಡಾ ನೂರು ತುಂಬಿಸಿ. ನಾನು ಯಾರದನ್ನೂ ಕದಿಯುತ್ತಿಲ್ಲ, ನನ್ನ ಕಾರನ್ನು ನನ್ನಿಷ್ಟದಂತೆ ನಿಲ್ಲಿಸುತ್ತಿದ್ದೇನೆ ಎಂದು ಮನಸ್ಸು ಸಮಾಧಾನ ಹೇಳಿಕೊಂಡಿತು. ಎರಡು ಬಾರಿ ಹೆದ್ದಾರಿಯಲ್ಲಿ ಕೈಬಿಟ್ಟವರಿಂದ ಇಷ್ಟನ್ನು ವಸೂಲು ಮಾಡುವುದು ನ್ಯಾಯವೆಂದೂ ತೋರಿತು. ಹೀಗೆ ಮೂರು ವಾರಗಳು ಕಳೆದವು.

ಒಂದು ದಿನ ವಿದ್ಯುದ್ರಸಾಯನದ ಪಾಠ ಮುಗಿದ ಮೇಲೆ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸಾರ್, ಬ್ಯಾಟರಿ ಬಹಳ ದಿನ ಬಾಳಿಕೆ ಬರಬೇಕಾದರೆ ಏನು ಮಾಡಬೇಕು?” ಎಂದು ಕೇಳಿದಳು. ಉತ್ಸಾಹದಿಂದ ವಿವರಿಸಿದೆನು. ಇಪ್ಪತ್ತಕ್ಕಿಂತ ಕೆಳಗಿಳಿಸದೆ, ದಿನನಿತ್ಯ ಎಂಬತ್ತನ್ನು ಮೀರಿಸದೆ ಬಳಸುವುದು, ಓಡಿ ಬಿಸಿಯಾದ ಗಾಡಿಯನ್ನು ತಣಿದ ಮೇಲೆ ಚಾರ್ಜಿಗೆ ಹಾಕುವುದು, ಅವಸರವಿಲ್ಲದಾಗ ನಿಧಾನದ ಚಾರ್ಜನ್ನೇ ಆರಿಸಿಕೊಳ್ಳುವುದು, ನೆರಳಿನಲ್ಲಿ ನಿಲ್ಲಿಸುವುದು. ಅವಳು ಎಲ್ಲವನ್ನೂ ಬರೆದುಕೊಂಡಳು. ಕೊನೆಯಲ್ಲಿ ತುಸು ಅಳುಕುತ್ತ, “ಸಾರ್, ನಿಮ್ಮ ಕಾರು ಈಚೆಗೆ ದಿನವೂ ಬಿಸಿಲಲ್ಲೇ ನಿಂತಿರುತ್ತದೆ. ಬೇವಿನ ಮರದ ಕೆಳಗೆ ಜಾಗ ಸಿಗದಿದ್ದರೆ ಹೇಳಿ, ನಮ್ಮ ಸೈಕಲ್ಲುಗಳನ್ನು ಆಚೆ ನಿಲ್ಲಿಸಿಕೊಳ್ಳುತ್ತೇವೆ” ಎಂದಳು.

ಅವಳ ಮಾತಿನಲ್ಲಿ ವ್ಯಂಗ್ಯದ ಲೇಶವೂ ಇರಲಿಲ್ಲ. ಅದೇ ನನ್ನನ್ನು ಇರಿಯಿತು. ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಹಾಜರಿ ಪುಸ್ತಕವನ್ನು ಎತ್ತಿಕೊಂಡು ಹೊರಬಂದೆನು.

ಸಂಜೆ ಅವಳನ್ನು ಕರೆದು, ಆ ಪ್ರಶ್ನೆ ಏಕೆ ಬಂದಿತೆಂದು ವಿಚಾರಿಸಿದೆನು. ಅವಳ ತಂದೆ ಸಾಲ ಮಾಡಿ ವಿದ್ಯುತ್ತಿನ ಗೂಡ್ಸ್ ಆಟೋ ಕೊಂಡಿದ್ದರು. ಎರಡೇ ವರ್ಷಕ್ಕೆ ಅದರ ಓಟ ಅರ್ಧಕ್ಕಿಳಿದಿತ್ತು. ಮಧ್ಯಾಹ್ನದ ಮೇಲೆ ಬಾಡಿಗೆಗೆ ಹೋಗುವಂತಿರಲಿಲ್ಲ. ಮಾರಿದವರು ‘ನೀವು ಸರ್ವಿಸ್ ತಪ್ಪಿಸಿದ್ದೀರಿ, ಖಾತರಿ ಸಲ್ಲುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಕಳುಹಿಸಿಬಿಟ್ಟಿದ್ದರು. ಆ ಮನುಷ್ಯನಿಗೆ ಖಾತರಿಯೆಂದರೆ ಅನ್ನದ ಪ್ರಶ್ನೆ. ನಾನು ಅದೇ ಖಾತರಿಯನ್ನು ಉಪಾಯದಿಂದ ಕೀಳಲು ಹವಣಿಸುತ್ತಿದ್ದೆನು. ನನ್ನಂಥವರ ಸುಳ್ಳು ಬೇಡಿಕೆಗಳು ಹೆಚ್ಚಿದಂತೆಲ್ಲ ಕಂಪನಿಗಳು ಅವನಂಥವರ ನಿಜವಾದ ಬೇಡಿಕೆಯನ್ನೂ ಸಂಶಯದಿಂದ ನೋಡುವುದು ಸಹಜವಲ್ಲವೇ? ಬಿಟ್ಟಿ ಎಂದು ನಾನೆಣಿಸಿದ ಬ್ಯಾಟರಿಯ ಬೆಲೆಯನ್ನು ಯಾರೋ ತೆರಲೇಬೇಕಿತ್ತು. ಅದರ ಲೋಹಗಳನ್ನು ಎಲ್ಲೋ ಭೂಮಿಯನ್ನು ಅಗೆದು ತೆಗೆಯಬೇಕಿತ್ತು.

ಮರುದಿನ ಕಾರು ಬೇವಿನ ಮರದ ಕೆಳಗೆ ನಿಂತಿತು. ಭಾನುವಾರ ಆ ಹುಡುಗಿಯ ಮನೆಗೆ ಹೋಗಿ, ಅವಳ ತಂದೆಯೊಡನೆ ಕುಳಿತು ಕಾಗದಪತ್ರಗಳನ್ನು ಹುಡುಕಿದೆವು. ತಗಡಿನ ಪೆಟ್ಟಿಗೆಯ ತಳದಲ್ಲಿ ಸರ್ವಿಸಿನ ಎಲ್ಲ ರಸೀದಿಗಳೂ ಸಿಕ್ಕವು. ಒಂದು ಸರ್ವಿಸ್ ಮಾತ್ರ ಹನ್ನೊಂದು ದಿನ ತಡವಾಗಿತ್ತು. ದಿನಾಂಕಗಳನ್ನು ಕ್ರಮವಾಗಿ ಬರೆದು, ನಿರಾಕರಣೆಗೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು ಕೇಳಿ ಅಂಚೆಯ ಮೂಲಕ ಪತ್ರ ಕಳುಹಿಸಿದೆವು. ಒಂದೂವರೆ ತಿಂಗಳ ಮೇಲೆ ಅವರು ಗಾಡಿಯನ್ನು ಕರೆಸಿಕೊಂಡು, ಪರೀಕ್ಷಿಸಿ, ಬ್ಯಾಟರಿಯನ್ನು ಬದಲಾಯಿಸಿಕೊಟ್ಟರು.

ಇಲ್ಲಿ ತಮ್ಮಲ್ಲಿ ಒಂದು ವಿನಂತಿ. ನ್ಯಾಯವಾದ ಖಾತರಿಯನ್ನು ಸಂಕೋಚದಿಂದ ಬಿಟ್ಟುಕೊಡಬೇಡಿರಿ. ಪತ್ರವನ್ನು ಕೊಳ್ಳುವ ದಿನವೇ ಕೊನೆಯ ಸಾಲಿನವರೆಗೆ ಓದಿರಿ. ಪ್ರತಿಯೊಂದು ದುರಸ್ತಿಯ ಜಾಬ್ ಕಾರ್ಡನ್ನೂ ಕಾಪಾಡಿರಿ. ಬಾಯಿಮಾತಿನ ನಿರಾಕರಣೆಯನ್ನು ಒಪ್ಪದೆ ಬರಹದಲ್ಲಿ ಕೇಳಿರಿ. ಆಮೇಲೂ ನ್ಯಾಯ ದೊರೆಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ತೊಂದರೆ ಉಂಟಾದ ಎರಡು ವರ್ಷಗಳೊಳಗೆ ಕೊಡಬೇಕೆಂಬುದನ್ನು ಮರೆಯದಿರಿ. ನನ್ನ ಮೊದಲ ಎರಡು ಬ್ಯಾಟರಿಗಳನ್ನು ಪಡೆದುದಕ್ಕೆ ನನಗೆ ಕಿಂಚಿತ್ತೂ ಅಳುಕಿಲ್ಲ. ಅವು ನನ್ನ ಹಕ್ಕಾಗಿದ್ದವು. ಮೂರನೆಯದು ಹಾಗಿರಲಿಲ್ಲ.

2025ರ ಸೆಪ್ಟೆಂಬರಿನ ಒಂದು ಸಂಜೆ, ಮೊದಲ ಸಲ ಕೆಟ್ಟುನಿಂತ ಭರಮಸಾಗರದ ಹತ್ತಿರವೇ, ಮೀಟರು 1,60,000ವನ್ನು ದಾಟಿತು. ಖಾತರಿ ಮುಗಿಯಿತು. ಆ ವಾರದ ಪರೀಕ್ಷೆಯಲ್ಲಿ ಬ್ಯಾಟರಿಯ ಶಕ್ತಿ ಶೇಕಡಾ 73. ಆ ಮೂರು ವಾರಗಳ ಬಿಸಿಲು ಅದರಲ್ಲಿ ಎಷ್ಟನ್ನು ಕಬಳಿಸಿತೋ ಅಳೆಯುವ ಉಪಕರಣ ನನ್ನಲ್ಲಿಲ್ಲ.

ಈಗ ಗಂಟೆಗೆ 70 ಕಿ.ಮೀ. ಮೀರದೆ ಓಡಿಸುತ್ತೇನೆ. ಕಾಲೇಜಿನಲ್ಲಿ ಪ್ರತ್ಯೇಕ ಮೀಟರು ಹಾಕಿಸಿ, ಬಳಸಿದ ವಿದ್ಯುತ್ತಿಗೆ ತಿಂಗಳಿಗೊಮ್ಮೆ ಹಣ ಕಟ್ಟಿ, ಮಧ್ಯಾಹ್ನ ನಿಧಾನವಾಗಿ ಚಾರ್ಜು ಮಾಡಿಕೊಳ್ಳುತ್ತೇನೆ. ಕಾರಿಗೆ ಸಾಲದಷ್ಟು ಸೊರಗಿದ ಬ್ಯಾಟರಿಯೂ ಸೌರವಿದ್ಯುತ್ತನ್ನು ಕೂಡಿಡಲು ಇನ್ನೂ ಹಲವು ಕಾಲ ಬರುತ್ತದೆ. ಅದೂ ಮುಗಿದ ಮೇಲೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದನ್ನು ಹಿಂದಕ್ಕೆ ಪಡೆದು ಲೋಹಗಳನ್ನು ಮರಳಿ ತೆಗೆಯಿಸುವ ಹೊಣೆ ತಯಾರಕರ ಮೇಲಿದೆ. ನನ್ನ ಪಾಲಿನ ಹೊಣೆ ಅಲ್ಲಿಯವರೆಗೆ ಅದನ್ನು ನೆರಳಿನಲ್ಲಿ ನಿಲ್ಲಿಸುವುದು.

ಬೇವಿನ ಮರದ ಕೆಳಗಿದ್ದ ಸೈಕಲ್ಲುಗಳನ್ನು ಸರಿಸಬೇಕಾಗಲಿಲ್ಲ. ಕಾರಿಗೂ ಅವಕ್ಕೂ ಅಲ್ಲಿ ಸಾಕಷ್ಟು ನೆರಳಿದೆ.