ಎಂಟನೇ ಕ್ಲಾಸಿಗೆ ಮುಂಚೆ ಐದು ನಿಮಿಷ

ಏಳನೇ ಕ್ಲಾಸ್ ಮುಗೀತು ಅಂದ್ರೆ ನಮ್ಮ ಗಂಗಾನಗರದ ಮನೆಗಳಲ್ಲಿ ಏಪ್ರಿಲ್ ಇಡೀ ಒಂದೇ ಮಾತು: ಮ್ಯಾತ್ಸ್ ಟ್ಯೂಷನ್ ಆರ್.ಟಿ. ನಗರದಲ್ಲೋ, ಹೆಬ್ಬಾಳದಲ್ಲೋ? ಚರ್ಚಿನಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ತೆಗೆದುಕೊಳ್ಳುವ ನನ್ನನ್ನೂ ಅಪ್ಪ-ಅಮ್ಮಂದಿರು ಕೇಳ್ತಾರೆ, "ಮಿಸ್, ಇನ್ನು ಹೈಸ್ಕೂಲು. ಇದಕ್ಕೆಲ್ಲ ಟೈಮ್ ಎಲ್ಲಿ?"

ಅವರ ಆತಂಕ ಸುಳ್ಳಲ್ಲ. ರಾಜ್ಯ ಪಠ್ಯಕ್ರಮದಲ್ಲಿ ಎಂಟನೇ ತರಗತಿಯಿಂದಲೇ ಹೈಸ್ಕೂಲು, ಮೂರನೇ ವರ್ಷಕ್ಕೆ ಎಸ್ಸೆಸ್ಸೆಲ್ಸಿ. ವಿಷಯಕ್ಕೊಬ್ಬರು ಟೀಚರ್. ಮಗುವಿನ ಮುಖ ನೋಡಿಯೇ "ಏನಾಯ್ತೇ?" ಅಂತ ಕೇಳುತ್ತಿದ್ದ ಆ ಒಬ್ಬ ಮಿಸ್ ಅಲ್ಲಿರೋದಿಲ್ಲ. ತನ್ನನ್ನು ತಾನೇ ಗಮನಿಸಿಕೊಳ್ಳೋದನ್ನು ಮಗು ಕಲಿಯಬೇಕು.

ಕಥೋಲಿಕ ಮಕ್ಕಳಿಗೆ ಆ ದಾರಿ ಹೊಸದಲ್ಲ. ಪಾಪನಿವೇದನೆಗೆ ಮುಂಚೆ ಆತ್ಮಪರಿಶೀಲನೆ ಮಾಡಿಕೊಳ್ಳೋದನ್ನು ನಾವು ಕಲಿಸಿರುತ್ತೇವೆ. 16ನೇ ಶತಮಾನದಲ್ಲಿ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಇದನ್ನು ದಿನನಿತ್ಯದ ಅಭ್ಯಾಸ ಮಾಡಿಸಿದರು. ಅವರ ಕ್ರಮ ಶುರುವಾಗೋದು ತಪ್ಪಿನ ಪಟ್ಟಿಯಿಂದಲ್ಲ, ಕೃತಜ್ಞತೆಯಿಂದ. ಆಮೇಲೆ ದಿನವನ್ನು ಗಂಟೆ ಗಂಟೆಯಾಗಿ ನೆನೆಯೋದು, ಕ್ಷಮೆ ಕೇಳೋದು, ನಾಳೆಗೊಂದು ನಿರ್ಧಾರ.

ನನ್ನ ಅಕ್ಕನ ಮಗಳು ಕಳೆದ ವರ್ಷ ಎಂಟನೇ ಕ್ಲಾಸಿಗೆ ಬೇರೆ ಶಾಲೆ ಸೇರಿದಳು. ಜುಲೈ ಹೊತ್ತಿಗೆ ಸೋಮವಾರ ಬಂತೆಂದರೆ ಹೊಟ್ಟೆನೋವು. ಮ್ಯಾತ್ಸ್ ಭಯ ಅಂತ ಅಕ್ಕ ಟ್ಯೂಷನ್ ಹುಡುಕತೊಡಗಿದಳು. ರಾತ್ರಿ ಮಲಗುವ ಮುಂಚೆ ಐದು ನಿಮಿಷ ನಾವಿಬ್ಬರೂ ಕೂರತೊಡಗಿದೆವು. ಮೊದಲು ನನ್ನ ಆಫೀಸಿನ ದಿನ, ಆಮೇಲೆ ಅವಳದು. ನಾಲ್ಕನೇ ರಾತ್ರಿ ಹೇಳಿದಳು, "ಚಿಕ್ಕಮ್ಮ, ಊಟಕ್ಕೆ ನನ್ನ ಜೊತೆ ಯಾರೂ ಕೂರಲ್ಲ. ಡಬ್ಬಿ ಬಸ್ಸಲ್ಲಿ ಬರ್ತಾ ತಿಂತೀನಿ."

ನಾಳೆಗೇನು ಅಂತ ಅವಳೇ ಯೋಚಿಸಿದಳು: ಮುಂದಿನ ಬೆಂಚಿನ ಹುಡುಗಿಯನ್ನು "ಇಲ್ಲಿ ಕೂರ್ಲಾ?" ಅಂತ ಕೇಳೋದು. ಧೈರ್ಯ ಬರೋಕೆ ಒಂದು ವಾರ ಹಿಡಿಯಿತು. ಮ್ಯಾತ್ಸ್ ಈಗಲೂ ಕಷ್ಟವೇ. ಸೋಮವಾರದ ಹೊಟ್ಟೆನೋವು ಮಾತ್ರ ನಿಂತಿದೆ.

ಈ ಸಲ ನನ್ನ ಏಳನೇ ಕ್ಲಾಸಿನ ಮಕ್ಕಳಿಗೆ ಮೂರು ಪ್ರಶ್ನೆ ಕೊಟ್ಟಿದ್ದೇನೆ. ಇವತ್ತು ಯಾವುದು ಖುಷಿ ಕೊಟ್ಟಿತು? ಎಲ್ಲಿ ಕಷ್ಟವಾಯಿತು? ನಾಳೆ ಯಾರನ್ನು ಏನು ಕೇಳಬೇಕು? ದೊಡ್ಡವರಿಗೆ ಒಂದೇ ನಿಯಮ: ರಾತ್ರಿ ಕೇಳಿಸಿಕೊಂಡದ್ದನ್ನು ಬೆಳಿಗ್ಗೆ ಬೈಯೋಕೆ ಬಳಸಬಾರದು.

ಟ್ಯೂಷನ್ ಬೇಕಿದ್ದರೆ ಖಂಡಿತ ಸೇರಿಸಿ. ಅದಕ್ಕೂ ಮುಂಚೆ, ಮಗುವಿಗೆ ಬೇಕಿರೋದು ಟ್ಯೂಷನ್ನೇನಾ ಅಂತ ತಿಳಿಯೋಕೆ ಈ ಐದು ನಿಮಿಷ ಕೂತು ನೋಡಿ.